ಶಿವಮೊಗ್ಗದಲ್ಲಿ ಹಳೇ ಕಾರಿನ ವ್ಯಾಪಾರ: ಕೆಲಸದ ಜೊತೆಗೇ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಒಂದೂವರೆ ಲಕ್ಷದ ಆಸುಪಾಸಿನ ಹಳೇ ಕಾರಿಗೆ ಮಲೆನಾಡಿನಲ್ಲಿ ಯಾವತ್ತೂ ಗಿರಾಕಿ ಇದ್ದಾರೆ. ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ಒಂಟಿ ಮನೆಗಳನ್ನು ನೋಡಿ. ಬಸ್ಸು ಹಿಡಿಯಬೇಕು ಅಂದರೆ ಎರಡು ಮೂರು ಕಿಲೋಮೀಟರ್ ನಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ರಾತ್ರಿ ಹೊತ್ತು ಮನೆಯಲ್ಲಿ ಹಿರಿಯರಿಗೆ ಎದೆನೋವು ಬಂದರೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಲಿಕ್ಕೆ ಆಗುತ್ತದಾ? ಅಂಥ ಮನೆಗೆ ಬೇಕಾಗಿರುವುದು ಹೊಳೆಯುವ ಕಾರಲ್ಲ, ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ಕಾರು. ಕಾಗದ ಸರಿ ಇರುವ ಕಾರು.

ಶಿವಮೊಗ್ಗದಲ್ಲಿ ಕೆಲಸ ಇಟ್ಟುಕೊಂಡು, ಸಂಜೆ ಮತ್ತು ಭಾನುವಾರ ಬಿಡುವು ಇರುವವರು ಇದನ್ನು ಮಾಡಬಹುದು. ಶೋರೂಂ ಬೇಡ, ಬೋರ್ಡು ಬೇಡ. ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ. ಈ ಬೆಲೆಯ ಕಾರಿನಲ್ಲಿ ಲಾಭ ಬರುವುದು ಮಾರುವ ದಿನ ಅಲ್ಲ, ಕೊಳ್ಳುವ ದಿನ. ಮತ್ತೆ ನಿಮ್ಮನ್ನು ಮುಳುಗಿಸುವುದು ಎಂಜಿನ್ ಅಲ್ಲ, ತುಕ್ಕು ಮತ್ತು ಕಾಗದ. ಎಂಜಿನ್ ಕೆಟ್ಟರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಬಿಚ್ಚಿ ಸರಿ ಮಾಡುವವರು ಸಿಗುತ್ತಾರೆ, ಖರ್ಚು ಎಷ್ಟು ಅಂತ ಮುಂಚೆಯೇ ಹೇಳುತ್ತಾರೆ. ಅಡಿ ತಗಡು ಕೊಳೆತ ಕಾರು, ಮಾಲೀಕ ತೀರಿಕೊಂಡು ಹೆಸರು ಬದಲಾಗದೆ ಉಳಿದ ಕಾರು, ಇವುಗಳ ಖರ್ಚು ಯಾರೂ ಮೊದಲೇ ಹೇಳಲಾರರು.

ಶುರು ಮಾಡುವ ಮುಂಚೆ: ನಿಮಗೆ ಅವಕಾಶ ಇದೆಯಾ?

ಸರ್ಕಾರಿ ನೌಕರರಾಗಿದ್ದರೆ ನಡತೆ ನಿಯಮಗಳ ಪ್ರಕಾರ ಅನುಮತಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಖಾಸಗಿ ಕಂಪನಿಯವರು ತಮ್ಮ ನೇಮಕಾತಿ ಪತ್ರ ತೆಗೆದು ಓದಿ, ಬೇರೆ ಉದ್ಯೋಗ ಕೂಡದು ಅಂತ ಸಾಲು ಇರಬಹುದು.

ಇನ್ನು ಆರ್‌ಟಿಒ ವಿಷಯ. ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಹಳೇ ವಾಹನದ ಡೀಲರ್‌ಗಳಿಗೆ ಪ್ರತ್ಯೇಕ ನಿಯಮ ತಂದಿತು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಫಾರ್ಮ್ 29ಎ ಹಾಕಿ ಅಧಿಕಾರ ಪತ್ರ ತೆಗೆದುಕೊಳ್ಳಬೇಕು. ಅದು 5 ವರ್ಷ ನಡೆಯುತ್ತದೆ. ಅದು ಕೈಯಲ್ಲಿದ್ದರೆ ಮಾಲೀಕರು ಕಾರನ್ನು ನಿಮಗೆ ಕೊಡುವಾಗ ಫಾರ್ಮ್ 29ಸಿ ಮೂಲಕ ತಿಳಿಸುತ್ತಾರೆ, ಅಲ್ಲಿಂದ ಮಾರುವ ತನಕ ಆ ಕಾರಿನ ಜವಾಬ್ದಾರಿ ನಿಮ್ಮದು. ಇದರಲ್ಲಿ ದೊಡ್ಡ ಅನುಕೂಲ ಇದೆ. ಕಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡು ಮಾರಿದರೆ ಆರ್‌ಸಿಯಲ್ಲಿ ಒಬ್ಬ ಓನರ್ ಜಾಸ್ತಿ ಆಗುತ್ತಾನೆ, ಸೆಕೆಂಡ್ ಓನರ್ ಗಾಡಿ ಥರ್ಡ್ ಆದರೆ ಬೆಲೆ ಬೀಳುತ್ತದೆ. ಅಧಿಕಾರ ಪತ್ರ ಇದ್ದರೆ ಆ ತೊಂದರೆ ಇಲ್ಲ. ಹಾಗಂತ ಆ ಕಾರನ್ನು ದಿನಾ ಆಫೀಸಿಗೆ ಓಡಿಸುವ ಹಾಗೂ ಇಲ್ಲ. ಟ್ರಯಲ್, ರಿಪೇರಿ, ಪೇಂಟಿಂಗ್ ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ತರಬೇಕು, ಎಲ್ಲಿಗೆ ಹೋಯಿತು ಅಂತ ಬರೆದಿಡಬೇಕು.

ನನ್ನ ಸಲಹೆ ಇಷ್ಟು. ಮೊದಲ ಕಾರನ್ನು ನಿಮ್ಮ ಹೆಸರಿಗೇ ಮಾಡಿಸಿ, ನೀವೇ ಸ್ವಲ್ಪ ದಿನ ಓಡಿಸಿ, ಆಮೇಲೆ ಮಾರಿ. ಕೆಲಸ ಗೊತ್ತಾಗುತ್ತದೆ. ಇದನ್ನು ವ್ಯಾಪಾರವಾಗಿಯೇ ಮುಂದುವರಿಸುವುದು ಅಂತ ನಿಶ್ಚಯ ಆದ ಕೂಡಲೇ ಅಧಿಕಾರ ಪತ್ರಕ್ಕೆ ಅರ್ಜಿ ಹಾಕಿ.

ಮಾಡಲೇಬಾರದ ದಾರಿ ಮೂರನೆಯದು, ಊರಲ್ಲಿ ಬಹಳ ಜನ ಅದನ್ನೇ ಮಾಡುತ್ತಾರೆ. ಮಾಲೀಕನ ಹತ್ತಿರ ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು, ಕಾರನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೋಗುವುದು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಕೇಸ್ ಬಂತು. ಕಾರು ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಇತ್ತು, ಅಪಘಾತ ಆಯಿತು. ಪರಿಹಾರದ ಹೊಣೆ ಬಿದ್ದಿದ್ದು ದಾಖಲೆಯಲ್ಲಿ ಹೆಸರಿದ್ದವನ ಮೇಲೆ. ಯೋಚನೆ ಮಾಡಿ, ನಿಮ್ಮನ್ನು ನಂಬಿ ಕಾರು ಕೊಟ್ಟ ರಿಟೈರ್ಡ್ ಮೇಷ್ಟ್ರ ಮನೆಗೆ ಯಾವತ್ತೋ ಒಂದು ದಿನ ಕೋರ್ಟ್ ನೋಟಿಸ್ ಬಂದರೆ ಹೇಗಿರುತ್ತದೆ?

ಬಂಡವಾಳ

ಸಾಲ ಮಾಡಿ ಶುರು ಮಾಡಬೇಡಿ. ಒಂದು ಕಾರು ಕೊಳ್ಳುವಷ್ಟು, ಅದರ ಮೇಲೆ ಕಾಲು ಭಾಗದಷ್ಟು ಖರ್ಚಿಗೆ, ಆ ದುಡ್ಡು ಮೂರು ತಿಂಗಳು ವಾಪಸ್ ಬರದಿದ್ದರೂ ಮನೆ ನಡೆಯುವ ಹಾಗಿದ್ದರೆ ಸಾಕು. ಒಂದು ಮಾರಿದ ಮೇಲೆ ಇನ್ನೊಂದು. ಎರಡು ಕಾರು ಒಟ್ಟಿಗೆ ನಿಂತರೆ ಅವಸರಕ್ಕೆ ಬಿದ್ದು ಎರಡನ್ನೂ ಕಡಿಮೆಗೆ ಕೊಡುತ್ತೀರಿ.

ಲೆಕ್ಕ ಹೇಗೆ ಓಡುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ನೋಡಿ. 2013ರ ಆಲ್ಟೊ, 1,25,000ಕ್ಕೆ ಕೊಂಡಿರಿ ಅಂತಿಟ್ಟುಕೊಳ್ಳಿ. ಎರಡು ಟೈರು 6,000. ಸರ್ವಿಸ್, ಸಣ್ಣಪುಟ್ಟ ರಿಪೇರಿ 4,000. ಸೀಟ್ ಕವರ್, ಒಳಗೆ ತೊಳೆಸುವುದು 3,500. ಥರ್ಡ್ ಪಾರ್ಟಿ ಇನ್ಶೂರೆನ್ಸ್ 2,500 (1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ದರ 2,094, ಅದರ ಮೇಲೆ ತೆರಿಗೆ). ಹೆಸರು ಬದಲಾವಣೆ, ಏಜೆಂಟ್ ಎಲ್ಲ ಸೇರಿ 4,000. ಓಡಾಟದ ಪೆಟ್ರೋಲ್ 2,000. ಒಟ್ಟು 1,47,000. ಮಾರಿದ್ದು 1,62,000ಕ್ಕೆ ಆದರೆ ಉಳಿದಿದ್ದು 15,000. ಕೊಳ್ಳುವಾಗ ಮನಸ್ಸು ಸೋತು 1,40,000 ಕೊಟ್ಟಿದ್ದರೆ? ಏನೂ ಇಲ್ಲ. ಅದಕ್ಕೇ ಹೇಳಿದ್ದು, ಲಾಭ ಕೊಳ್ಳುವ ದಿನವೇ ತೀರ್ಮಾನ ಆಗುತ್ತದೆ ಅಂತ.

ಯಾವ ಕಾರು ಹಿಡಿಯಬೇಕು

ಶಿವಮೊಗ್ಗದ ಗಿರಾಕಿ ಬೇರೆ, ಹಳ್ಳಿಯ ಗಿರಾಕಿ ಬೇರೆ. ವಿನೋಬನಗರ, ಗೋಪಾಳದ ಕಡೆ ಕಾರು ಕಲಿಯುವವರು, ಮಕ್ಕಳನ್ನು ಶಾಲೆಗೆ ಬಿಡುವವರು ಆಲ್ಟೊ, ವ್ಯಾಗನ್ಆರ್, ಸ್ಯಾಂಟ್ರೊ ಕೇಳುತ್ತಾರೆ. ತೋಟದವರಿಗೆ ಆಮ್ನಿ, ಈಕೋ ಬೇಕು, ಗೊಬ್ಬರದ ಚೀಲವೂ ಹೋಗಬೇಕು, ಮದುವೆಗೂ ಹೋಗಬೇಕು. ಆಮ್ನಿ 2019ಕ್ಕೇ ನಿಂತುಹೋಯಿತು, ಆದರೂ ಒಳ್ಳೆಯದು ಸಿಕ್ಕರೆ ವಾರ ನಿಲ್ಲುವುದಿಲ್ಲ. ಮಣ್ಣಿನ ರಸ್ತೆಯವರು ಬೊಲೆರೊ, ಹಳೇ ಮಹೀಂದ್ರ ಜೀಪು ಹುಡುಕುತ್ತಾರೆ, ಆದರೆ ಅವಕ್ಕೆ ಬಂಡವಾಳ ಜಾಸ್ತಿ ಬೇಕು.

ಹೊಸಬರು ಮಾರುತಿ, ಹ್ಯುಂಡೈ ಪೆಟ್ರೋಲ್ ಗಾಡಿಗಳಲ್ಲೇ ಇರಿ. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಎಲ್ಲ ಮೇಸ್ತ್ರಿಗೂ ಗೊತ್ತು. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಅವರ ಕಾರು ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ನಿಮಗೆ ಅಗ್ಗಕ್ಕೆ ಸಿಗುವ ಕಾರಣಕ್ಕೇ ನಿಮ್ಮ ಗಿರಾಕಿಯೂ ಅಗ್ಗಕ್ಕೆ ಕೇಳುತ್ತಾನೆ. ಮೊದಲು ಟ್ಯಾಕ್ಸಿಯಾಗಿ ಓಡಿ ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿ ಬೇಡ. ಆರ್‌ಸಿಯಲ್ಲಿ ನಮೂದಾಗದ ಗ್ಯಾಸ್ ಕಿಟ್ ಇರುವ ಆಮ್ನಿಯೂ ಬೇಡ. ದೆಹಲಿ ನಂಬರಿನ ಡೀಸೆಲ್ ಗಾಡಿ ಕಣ್ಣು ಕುಕ್ಕುವಷ್ಟು ಕಡಿಮೆಗೆ ಬರುತ್ತದೆ. ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ಲೈಫ್ ಟ್ಯಾಕ್ಸ್, ಮರುನೋಂದಣಿ ಎಲ್ಲ ಸೇರಿಸಿದರೆ ಆ ಅಗ್ಗ ಉಳಿಯುವುದಿಲ್ಲ.

ಇನ್ನೊಂದು ಗಮನದಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿಯಿತು. ಹೊಸ ಕಾರಿನ ಬೆಲೆ ಇಳಿದರೆ ನಾಲ್ಕೈದು ವರ್ಷದ ಕಾರಿನ ಬೆಲೆಗೂ ಪೆಟ್ಟು. ಹಾಗಾಗಿ ಎರಡು ವರ್ಷದ ಹಿಂದೆ ಯಾರೋ ಎಷ್ಟಕ್ಕೆ ಮಾರಿದರು ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ.

ಯಾವಾಗ, ಎಲ್ಲಿ ಕೊಳ್ಳುವುದು

ಇಲ್ಲಿ ವರ್ಷದ ಲೆಕ್ಕ ಅಡಿಕೆಯ ಜೊತೆ ಓಡುತ್ತದೆ. ಕೊಯ್ಲು ಮುಗಿದು, ಅಡಿಕೆ ರಾಶಿ, ಬೆಟ್ಟೆ ಅಂತ ತರಾವರಿ ಬೇರೆಯಾಗಿ ಮಂಡಿಗೆ ಹೋಗಿ ದುಡ್ಡು ಕೈಗೆ ಬಂದ ಮೇಲೆ ತೋಟದವರು ಗಾಡಿ ನೋಡಲಿಕ್ಕೆ ಹೊರಡುತ್ತಾರೆ. ಜನವರಿಯಿಂದ ಯುಗಾದಿ, ಅಕ್ಷಯ ತೃತೀಯದ ತನಕ ಮಾರುವ ಕಾಲ. ಆಯುಧ ಪೂಜೆಯ ಹತ್ತಿರವೂ ಚೆನ್ನಾಗಿ ಹೋಗುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಯಾರೂ ಗಾಡಿ ತರುವುದಿಲ್ಲ. ಅದೇ ನೀವು ಕೊಳ್ಳುವ ಕಾಲ. ಮಾರುವವನಿಗೆ ಗಿರಾಕಿ ಇಲ್ಲ, ಶಾಲೆ ಫೀಸು ಕಟ್ಟಬೇಕು, ಜೊತೆಗೆ ಮಳೆಗಾಲದಲ್ಲಿ ನೋಡಿದರೆ ಕಾರು ಎಲ್ಲಿ ಸೋರುತ್ತದೆ ಅನ್ನುವುದು ನೀವು ಕೇಳದೆಯೇ ಗೊತ್ತಾಗುತ್ತದೆ.

ಒಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ವಾಟ್ಸಾಪ್ ಗುಂಪು ಇವೆಲ್ಲ ಇವೆ. ಬೆಲೆ ಎಷ್ಟಿದೆ ಅಂತ ತಿಳಿಯಲಿಕ್ಕೆ ದಿನಾ ನೋಡಿ. ಆದರೆ ಒಳ್ಳೆಯ ಕಾರು ಅಲ್ಲಿಗೆ ಬರುವ ಮೊದಲೇ ಬಾಯಿಮಾತಿನಲ್ಲಿ ಹೋಗಿರುತ್ತದೆ. ಗಾರೇಜ್ ಮೇಸ್ತ್ರಿ, ಟೈರ್ ಅಂಗಡಿ, ಎಮಿಷನ್ ಸೆಂಟರ್, ಇನ್ಶೂರೆನ್ಸ್ ಏಜೆಂಟ್, ಇವರಿಗೆ ಯಾರು ಗಾಡಿ ಬದಲಾಯಿಸುತ್ತಾರೆ ಅಂತ ಮುಂಚೆಯೇ ಗೊತ್ತು. ಒಬ್ಬ ಒಳ್ಳೆಯ ಮೇಸ್ತ್ರಿಯ ಜೊತೆ ಸಂಬಂಧ ಇಟ್ಟುಕೊಳ್ಳಿ. ಕಾರು ನೋಡಲಿಕ್ಕೆ ಬಂದರೆ ಕೂಲಿ ಕೊಡಿ, ಕಾರು ಬೇಡ ಅಂತ ಹೇಳಿದ ದಿನವೂ ಕೊಡಿ. ತಗೊಳ್ಳಿ ಅಂದಾಗ ಮಾತ್ರ ದುಡ್ಡು ಸಿಗುವ ಹಾಗಿದ್ದರೆ ಅವರ ಬಾಯಲ್ಲಿ ಬೇಡ ಅನ್ನುವ ಮಾತು ಬರುವುದು ಕಷ್ಟ, ಅಲ್ವಾ?

ನಂಬರ್ ಪ್ಲೇಟಿನಿಂದಲೂ ಸ್ವಲ್ಪ ತಿಳಿಯುತ್ತದೆ. ಕೆಎ 14 ಶಿವಮೊಗ್ಗ, 15 ಸಾಗರ, 17 ದಾವಣಗೆರೆ, 18 ಚಿಕ್ಕಮಗಳೂರು. ಕೆಎ 19, 20 ಮಂಗಳೂರು, ಉಡುಪಿ. ಕಡಲ ತೀರದ ಉಪ್ಪುಗಾಳಿ ತಿಂದ ಗಾಡಿ ಇರಬಹುದು, ಕೆಳಗೆ ಬಗ್ಗಿ ಎರಡು ಸಲ ನೋಡಿ. ದಾವಣಗೆರೆ, ಚಿತ್ರದುರ್ಗದ ಒಣ ಸೀಮೆಯ ಗಾಡಿಯ ತಗಡು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಆದರೆ ಇದು ನೋಂದಣಿ ಆದ ಊರು ಅಷ್ಟೇ, ಓಡಿದ್ದು ಎಲ್ಲಿ ಅಂತ ಬಾಯಿ ಬಿಟ್ಟು ಕೇಳಬೇಕು.

ಕಾರಿನ ಮುಂಚೆ ಕಾಗದ

ಫೋನಿನಲ್ಲಿ ಮಾತಾಡಿದ ಕೂಡಲೇ ಆರ್‌ಸಿಯ ಫೋಟೊ ಕೇಳಿ. ಕೊಡಲಿಕ್ಕೆ ಹಿಂದೆ ಮುಂದೆ ನೋಡಿದರೆ ಅಲ್ಲಿಗೆ ಹೋಗುವ ಪೆಟ್ರೋಲ್ ಉಳಿಸಿ. ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಇಷ್ಟು ತಿಳಿಯಬೇಕು:

- ಮಾಲೀಕರು ಬದುಕಿದ್ದಾರಾ, ಊರಲ್ಲಿದ್ದಾರಾ, ಸಹಿ ಹಾಕಲಿಕ್ಕೆ ಬರುತ್ತಾರಾ
- ನೋಂದಣಿ ಯಾವ ದಿನಕ್ಕೆ ಮುಗಿಯುತ್ತದೆ
- ಬ್ಯಾಂಕ್ ಸಾಲದ ನಮೂದು ಇದೆಯಾ
- ಇನ್ಶೂರೆನ್ಸ್, ಎಮಿಷನ್ ಚಾಲ್ತಿಯಲ್ಲಿದೆಯಾ
- ಇ-ಚಲನ್ ಬಾಕಿ ಎಷ್ಟು, ಬ್ಲಾಕ್ ಲಿಸ್ಟ್ ಆಗಿದೆಯಾ
- 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ

ನೋಂದಣಿ ದಿನಾಂಕದ ಬಗ್ಗೆ ಒಂದು ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಾವು ಹುಡುಕುವ ಬೆಲೆಯ ಕಾರುಗಳೆಲ್ಲ ಸರಿಯಾಗಿ ಈ ಗಡಿಯಲ್ಲೇ ಸಿಗುತ್ತವೆ. 2022ರ ಏಪ್ರಿಲ್‌ನಲ್ಲಿ ಈ ನವೀಕರಣದ ಶುಲ್ಕ 600ರಿಂದ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ಪರೀಕ್ಷೆಗೆ ಹೋಗುವ ಮುಂಚೆ ಬ್ರೇಕು, ಲೈಟು, ಬಾಡಿ ಎಲ್ಲ ಸರಿ ಮಾಡಿಸುವ ಖರ್ಚೂ ಇದೆ. ಇನ್ನಾರು ತಿಂಗಳಿಗೆ ನೋಂದಣಿ ಮುಗಿಯುವ ಕಾರು ನೋಡಿದರೆ, ಆ ಖರ್ಚು ಪೂರ್ತಿ ಬೆಲೆಯಿಂದ ಕಳೆದು ಮಾತಾಡಿ.

ಸಾಲದ ನಮೂದು ಇದ್ದರೆ ಸಾಲ ತೀರಿದೆ ಅನ್ನುವ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ, ಸಾಲದ ನಮೂದು ತೆಗೆಸುವ ಫಾರ್ಮ್ 35 ಬೇಕು. ಅದನ್ನು ಮಾಲೀಕರೇ ಮಾಡಿಸಿಕೊಡಲಿ, ಅಲ್ಲಿಯ ತನಕ ಸಣ್ಣ ಅಡ್ವಾನ್ಸ್ ಮೇಲೆ ನಿಲ್ಲಿಸಿ.

ಮಲೆನಾಡಿನಲ್ಲಿ ಬಹಳ ಸಿಗುವುದು ಇನ್ನೊಂದು ತರದ ಕಾರು. ಹಳೇ ಮನೆಯ ಕೊಟ್ಟಿಗೆಯ ಪಕ್ಕ ಮಾರುತಿ 800 ನಿಂತಿರುತ್ತದೆ. ಕಡಿಮೆ ಓಡಿದೆ, ತಗಡು ಚೆನ್ನಾಗಿದೆ, ಬೆಲೆಯೂ ಕಡಿಮೆ. ಆರ್‌ಸಿ ಅಜ್ಜನ ಹೆಸರಲ್ಲಿ, ಅಜ್ಜ ತೀರಿಕೊಂಡು ಐದಾರು ವರ್ಷ. ಮಕ್ಕಳಲ್ಲಿ ಒಬ್ಬರು ಬೆಂಗಳೂರು, ಒಬ್ಬರು ಹೊರದೇಶ. ಇದಕ್ಕೆ ದಾರಿ ಇದೆ. ಫಾರ್ಮ್ 31, ಮರಣ ಪ್ರಮಾಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಆದರೆ ಮೊದಲು ಒಬ್ಬ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮಗೆ. ಅವರು ಮಾಡಿಸಿಕೊಟ್ಟರೆ ಇಂಥ ಕಾರು ಬಿಡಬೇಡಿ, ಇದಕ್ಕಿಂತ ಒಳ್ಳೆಯ ಕಾರು ಈ ಬೆಲೆಗೆ ಸಿಗುವುದು ಅಪರೂಪ. ನೀವೇ ಮಾಡಿಸಿಕೊಳ್ಳಿ ಅಂದರೆ ನಮಸ್ಕಾರ ಹೇಳಿ ಬನ್ನಿ.

ಕಾರು ನೋಡುವುದು

ಹಗಲಲ್ಲೇ ಹೋಗಿ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿರಿ, ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಅಲ್ಲೇನೋ ಇದೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಲಿಕ್ಕೆ ಕಷ್ಟಪಡುವ ಎಂಜಿನ್ ಬಿಸಿಯಾದ ಮೇಲೆ ಸುಮ್ನೆ ಇರುತ್ತದೆ.

ಮೊದಲು ತುಕ್ಕು. ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟ್ ಎತ್ತಿ, ಅದರ ಕೆಳಗಿನ ಕಾರ್ಪೆಟ್ ಅಂಚನ್ನೂ ಎತ್ತಿ. ಕೈಗೆ ತೇವ ತಗುಲಿತಾ? ಮುಗ್ಗಲು ವಾಸನೆ ಬಂತಾ? ಸ್ಕ್ರೂಡ್ರೈವರ್‌ನ ಹಿಡಿಯಿಂದ ತಗಡನ್ನು ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಕಂದು ಪುಡಿ ಉದುರುತ್ತದೆ. ಇದೇ ಪರೀಕ್ಷೆ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಆ ಗುಂಡಿಯಲ್ಲಿ ಮಾಡಿ, ನೀರು ನಿಲ್ಲುವ ಜಾಗ ಅದು. ಬಾಗಿಲುಗಳ ಕೆಳ ಅಂಚು, ಹಿಂದಿನ ಚಕ್ರದ ಮೇಲಿನ ಕಮಾನು, ಜಾಕಿ ಕೊಡುವ ಜಾಗ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಕೂರುವ ಜಾಗ. ಕೊನೆಯದರಲ್ಲಿ ತುಕ್ಕು ಕಂಡರೆ ಕಾರು ಬೇಡವೇ ಬೇಡ. ಅಡಿಯಲ್ಲಿ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಖುಷಿಪಡಬೇಡಿ, ಯಾಕೆ ಹೊಡೆಸಿದರು ಅಂತ ಕೇಳಿ. ಬ್ರೇಕ್ ಪೈಪುಗಳ ಮೇಲೆ ಟಾರ್ಚ್ ಬಿಟ್ಟು ನೋಡಿ, ಘಾಟಿಯಲ್ಲಿ ಒಂದು ಕುಟುಂಬದ ಜೀವ ಇರುವುದು ಆ ಸಣ್ಣ ಪೈಪಿನ ಮೇಲೆ.

ನೀರಲ್ಲಿ ಮುಳುಗಿದ ಕಾರು ಅಂತ ಒಂದು ಜಾತಿ ಇದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೇ ನೀರು ನುಗ್ಗಿತ್ತು. ಅಂಥ ಕಾರನ್ನು ತೊಳೆದು ಒಣಗಿಸಿದರೆ ಮೇಲಿಂದ ಏನೂ ಕಾಣುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಸ್ಪ್ರಿಂಗು, ಬೋಲ್ಟು ತುಕ್ಕು ಹಿಡಿದಿದೆಯಾ, ಹೆಡ್‌ಲೈಟ್ ಒಳಗೆ ಮಣ್ಣಿನ ಮಸುಕು ಇದೆಯಾ ನೋಡಿ.

ಆಕ್ಸಿಡೆಂಟ್ ಆಗಿದೆಯಾ ಅನ್ನುವುದಕ್ಕೆ ಬಾನೆಟ್, ಬಾಗಿಲಿನ ಬೋಲ್ಟ್ ತಲೆ ನೋಡಿ. ಪೇಂಟ್ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತ ಅರ್ಥ. ಬಾಗಿಲು, ಡಿಕ್ಕಿಯ ಸಂದು ಎರಡೂ ಕಡೆ ಒಂದೇ ಸಮ ಇರಬೇಕು. ಬಂಪರ್ ಬದಲಾಗಿದ್ದರೆ, ಒಂದು ಬಾಗಿಲಿಗೆ ಪೇಂಟ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಕಿರಿದಾದ ರಸ್ತೆಯಲ್ಲಿ ಅದು ಇಲ್ಲದ ಹಳೇ ಕಾರೇ ಇಲ್ಲ. ಮುಂದಿನ ಅಪ್ರಾನ್ (ಬಾನೆಟ್ ಒಳಗೆ ಎಂಜಿನ್‌ನ ಅಕ್ಕಪಕ್ಕದ ತಗಡು) ಬೆಸುಗೆ ಆಗಿದ್ದರೆ ಮಾತ್ರ ಬಿಟ್ಟುಬಿಡಿ.

ಮೀಟರ್ ನಂಬಬೇಡಿ. ಪೆಡಲಿನ ರಬ್ಬರ್, ಸ್ಟೇರಿಂಗ್, ಗೇರ್ ನಾಬ್ ಸವೆದಿದ್ದು ನಂಬಿ. ಮೀಟರ್‌ನಲ್ಲಿ 45,000, ಪೆಡಲ್ ರಬ್ಬರ್ ನುಣ್ಣಗೆ ಅಂದರೆ ಯಾವುದೋ ಒಂದು ಸುಳ್ಳು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಬಟನ್ (ಟೈರಿನ ಮೇಲಿನ ಅಚ್ಚು) ಚೆನ್ನಾಗಿ ಕಂಡರೂ ಏಳೆಂಟು ವರ್ಷದ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ.

ಈಗ ಎಂಜಿನ್. ಆಯಿಲ್ ಮುಚ್ಚಳ ತೆಗೆದು ಒಳಗೆ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣದ ಜಿಗುಟು ಇದ್ದರೆ ಕೂಲೆಂಟ್ ಆಯಿಲಿಗೆ ಸೇರುತ್ತಿರಬಹುದು. ಚಳಿ ಮಳೆಗಾಲದಲ್ಲಿ ಬರೀ ಸಣ್ಣ ಓಡಾಟ ಮಾಡಿದ ಕಾರಿನ ಮುಚ್ಚಳದಲ್ಲೂ ಸ್ವಲ್ಪ ಕಾಣುತ್ತದೆ, ಅದಕ್ಕೇ ಡಿಪ್ ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಮತ್ತು ರೇಡಿಯೇಟರ್ ಕೂಡ ನೋಡಿಯೇ ತೀರ್ಮಾನಿಸಿ. ಸ್ಟಾರ್ಟ್ ಮಾಡಿ ಹೊಗೆ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಸೀಲ್) ಹೋಗಿರುವ ಅನುಮಾನ. ಹಳೇ 800, ಆಲ್ಟೊ, ಸ್ಯಾಂಟ್ರೊಗಳಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳನ್ನು ಹೊಂದಿಸಿ ತಿರುಗಿಸುವ ರಬ್ಬರ್ ಪಟ್ಟಿ) ಇರುತ್ತದೆ, ಯಾವಾಗ ಬದಲಾಯಿಸಿದರು ಅಂತ ಬಿಲ್ ಇಲ್ಲದಿದ್ದರೆ ಆ ಖರ್ಚು ಲೆಕ್ಕಕ್ಕೆ ಸೇರಿಸಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ಹಳೇ ಗಾಡಿಯ ರಬ್ಬರ್ ಪೈಪುಗಳು ಅದಕ್ಕೆ ಅಂತ ಮಾಡಿದ್ದಲ್ಲ. ಪೈಪು ಬಿರುಕು ಬಿಟ್ಟಿದೆಯಾ, ಪೆಟ್ರೋಲ್ ವಾಸನೆ ಬರುತ್ತದಾ ನೋಡಿ.

ಓಡಿಸುವಾಗ ಒಂದು ಏರು ಬೇಕು. ಮಲೆನಾಡಿನಲ್ಲಿ ಅದಕ್ಕೇನು ಬರ! ನಾಲ್ಕು ಜನ ಕೂತು ಎರಡನೇ ಗೇರಿನಲ್ಲಿ ಏರು ಹತ್ತಿಸಿ. ಎಂಜಿನ್ ಕೂಗುತ್ತಾ ಹೋಗಿ ಗಾಡಿ ಹಾಗೇ ನಿಂತ ಹಾಗಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಇಳಿಯುವಾಗ ಬ್ರೇಕ್ ಒತ್ತಿ, ಸ್ಟೇರಿಂಗ್ ಒಂದು ಕಡೆ ಎಳೆಯುತ್ತದಾ, ಪೆಡಲ್ ನಡುಗುತ್ತದಾ ಗಮನಿಸಿ. ಕಿಟಕಿ ಇಳಿಸಿ, ರೇಡಿಯೋ ಆಫ್ ಮಾಡಿ, ಹೊಂಡ ಇರುವ ರಸ್ತೆಯಲ್ಲೇ ಹೋಗಿ.

ಬೆಲೆ ಮಾತಾಡುವುದು

ಹಳ್ಳಿ ಮನೆಗಳಲ್ಲಿ ಕಾಫಿ ಕುಡಿಯದೆ ವ್ಯಾಪಾರ ಇಲ್ಲ. ಕಾರನ್ನು ಬೈಯಬೇಡಿ. ಅವರ ಮಗಳ ಮದುವೆಗೆ ಓಡಿದ ಗಾಡಿ ಅದು. ಕಂಡದ್ದನ್ನು ಚೀಟಿಯಲ್ಲಿ ಬರೆದು ಎದುರಿಗಿಡಿ.

"ನೋಡಿ ರಾಯರೇ, ಟೈರ್ ಎರಡು ಹಾಕಬೇಕು, ಟೈಮಿಂಗ್ ಬೆಲ್ಟ್ ಆಗ್ಬೇಕು, ಇನ್ಶೂರೆನ್ಸ್ ಮುಗ್ದಿದೆ. ಇಷ್ಟೂ ನಾನೇ ಹಾಕ್ಬೇಕಲ್ಲ."

"ಎಂತ ಮಾರಾಯ್ರೆ, ಹಾಗಂತ ಅಷ್ಟು ಕಡಿಮೆ ಮಾಡಿದ್ರೆ ಹೇಗೆ? ಒಂದು ಐದು ಸಾವಿರ ಸೇರ್ಸಿ."

ಇಲ್ಲಿ ನಿಮ್ಮ ಗರಿಷ್ಠ ಮೊತ್ತ ಮುಂಚೆಯೇ ಜೇಬಿನಲ್ಲಿ ಬರೆದಿಟ್ಟಿರಬೇಕು. ಈ ಕಾರು ಎಷ್ಟಕ್ಕೆ ಹೋಗುತ್ತದೆ ಅನ್ನುವುದರಿಂದ ಖರ್ಚು, ನಿಮ್ಮ ಲಾಭ, ಕಾಣದ ಖರ್ಚಿಗೆ ಸ್ವಲ್ಪ, ಎಲ್ಲ ಕಳೆದು ಬಂದ ಮೊತ್ತ ಅದು. ಅದರೊಳಗೆ ಐದು ಸಾವಿರ ಸೇರಿಸಬಹುದಾದರೆ ಸೇರಿಸಿ, ಆಗದಿದ್ದರೆ ಎದ್ದು ಬನ್ನಿ. ಎಷ್ಟೋ ಸಲ ಮರುವಾರ ಅವರೇ ಫೋನ್ ಮಾಡುತ್ತಾರೆ.

ದುಡ್ಡು ಬ್ಯಾಂಕ್ ಮೂಲಕವೇ ಕೊಡಿ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಯಾರೂ ತೆಗೆದುಕೊಳ್ಳುವಂತಿಲ್ಲ. ಅದಕ್ಕಿಂತ ಕಡಿಮೆ ಇದ್ದರೂ ನಿಮಗೆ ದಾಖಲೆ ಬೇಕು.

ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೂಡದು

ಪೂರ್ತಿ ಪೇಂಟಿಂಗ್ ಬೇಡ. ದುಡ್ಡು ಹೋಗುತ್ತದೆ, ಮೇಲಿಂದ ಗಿರಾಕಿಗೆ ಅನುಮಾನ ಬರುತ್ತದೆ. ಅಲಾಯ್ ಚಕ್ರ, ಮ್ಯೂಸಿಕ್ ಸಿಸ್ಟಮ್ ಕೂಡ ಬೇಡ. ಬ್ರೇಕು, ಟೈರು, ಸ್ಟೇರಿಂಗ್, ಲೈಟು, ವೈಪರ್ ಇದರಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ. ಆಯಿಲ್, ಫಿಲ್ಟರ್ ಹೊಸದು ಹಾಕಿಸಿ ಬಿಲ್ ಇಟ್ಟುಕೊಳ್ಳಿ. ಉಳಿದಂತೆ ಒಳಗೆ ಚೆನ್ನಾಗಿ ತೊಳೆಸಿ, ಕಾರ್ಪೆಟ್ ಪೂರ್ತಿ ಹೊರಗೆ ತೆಗೆದು ಒಣಗಿಸಿ, ಬಾಗಿಲಿನ ಕೆಳಗಿನ ನೀರು ಹೋಗುವ ತೂತು ಕಡ್ಡಿಯಿಂದ ಬಿಡಿಸಿ. ಮುಗ್ಗಲು ವಾಸನೆ ಇರುವ ಕಾರಿನ ಬಾಗಿಲು ತೆಗೆದ ಕೂಡಲೇ ಹೆಂಗಸರು ಬೇಡ ಅನ್ನುತ್ತಾರೆ, ಅಲ್ಲಿಗೆ ವ್ಯಾಪಾರ ಮುಗಿಯಿತು. ಸುಗಂಧದ ಬಾಟಲಿ ಇಟ್ಟು ಅದನ್ನು ಮುಚ್ಚಲಿಕ್ಕೆ ಆಗುವುದಿಲ್ಲ.

ಮಳೆಗಾಲದಲ್ಲಿ ಕೊಂಡ ಕಾರನ್ನು ಶೀಟಿನ ಕೆಳಗೆ ನಿಲ್ಲಿಸಿ. ಪ್ಲಾಸ್ಟಿಕ್ ಕವರ್ ಹೊದಿಸಿದರೆ ಒಳಗೇ ತೇವ ಉಳಿದು ತುಕ್ಕು ಹಿಡಿಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಬ್ರೇಕ್ ಶೂ ಕಚ್ಚಿಕೊಳ್ಳುತ್ತದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎ/ಸಿ ಹಾಕಿ. ಬಾನೆಟ್ ತೆಗೆದು ಇಲಿ ಗೂಡು ಕಟ್ಟಿದೆಯಾ ನೋಡುವುದು ಮರೆಯಬೇಡಿ, ಅಡಿಕೆ ಚೀಲ, ಹುಲ್ಲು ಇರುವ ಮನೆಯಲ್ಲಿ ಒಂದೇ ರಾತ್ರಿಗೆ ವೈರಿಂಗ್ ಕಡಿದು ಹಾಕುತ್ತವೆ.

ತೆರಿಗೆ

ಈ ಲಾಭ ವ್ಯಾಪಾರದ ಆದಾಯ, ಸಂಬಳದ ಜೊತೆ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಜಿಎಸ್‌ಟಿ ನೋಂದಣಿ ಇರುವವರು ಹಳೇ ಕಾರು ಮಾರಿದರೆ 2025ರ ಜನವರಿಯಿಂದ ಶೇ. 18, ಅದೂ ಪೂರ್ತಿ ಬೆಲೆಗಲ್ಲ, ಕೊಂಡ ಮತ್ತು ಮಾರಿದ ಬೆಲೆಯ ವ್ಯತ್ಯಾಸಕ್ಕೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಒಂದೊಂದೇ ಕಾರು ಮಾಡುವವರು ಅಲ್ಲಿಗೆ ಮುಟ್ಟುವುದು ಕಷ್ಟ, ಆದರೂ ಆಡಿಟರ್ ಹತ್ತಿರ ಮೊದಲ ವರ್ಷವೇ ಕೂತು ಮಾತಾಡಿ. ಪ್ರತಿ ಕಾರಿಗೆ ಪುಸ್ತಕದಲ್ಲಿ ಒಂದು ಪುಟ ಇಡಿ, ಪಂಕ್ಚರ್ ದುಡ್ಡೂ ಅದರಲ್ಲಿ ಬರಲಿ.

ಮಾರುವುದು

ಜಾಹೀರಾತಿನಲ್ಲಿ ಕೆಟ್ಟದ್ದನ್ನೂ ಬರೆಯಿರಿ. ಹೀಗೆ: "2013 ಆಲ್ಟೊ, ಪೆಟ್ರೋಲ್, ಸೆಕೆಂಡ್ ಓನರ್, ಕೆಎ 14. ಮುಂದಿನ ಎರಡು ಟೈರ್ ಹೊಸದು, ಹಿಂದಿನದು ಇನ್ನೊಂದು ವರ್ಷಕ್ಕೆ ಬದಲಾಯಿಸಬೇಕು. ಎಡ ಬಾಗಿಲಿಗೆ ಪೇಂಟ್ ಆಗಿದೆ. ಎ/ಸಿ ಇದೆ, ಮಧ್ಯಾಹ್ನದ ಬಿಸಿಲಿಗೆ ಸಾಲದು. ಅಡಿ ತಗಡಿನ ಫೋಟೊ ಹಾಕಿದ್ದೇನೆ, ನಿಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಬನ್ನಿ." ಇಂಥ ಜಾಹೀರಾತಿಗೆ ಸುಮ್ನೆ ವಿಚಾರಿಸುವವರ ಫೋನ್ ಕಡಿಮೆ ಬರುತ್ತದೆ, ಬರುವವರು ಕೊಳ್ಳಲಿಕ್ಕೇ ಬರುತ್ತಾರೆ. ತೀರ್ಥಹಳ್ಳಿಯಲ್ಲಿ ಮಾರಿದ ಕೆಟ್ಟ ಕಾರಿನ ಸುದ್ದಿ ವಾರದೊಳಗೆ ಶಿವಮೊಗ್ಗಕ್ಕೆ ಮುಟ್ಟುತ್ತದೆ, ಒಳ್ಳೆಯ ಕಾರಿನದೂ ಅಷ್ಟೇ. ಮುಂದಿನ ಗಿರಾಕಿ ಬರುವುದು ಆ ಬಾಯಿಮಾತಿನಿಂದಲೇ.

ಟ್ರಯಲ್ ಕೊಡುವಾಗ ಲೈಸೆನ್ಸ್ ನೋಡಿ, ನೀವೂ ಪಕ್ಕದಲ್ಲಿ ಕೂರಿ. ಕಾರು ನೋಡದೆಯೇ ಟೋಕನ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವವರು ಮೋಸಗಾರರು. ದುಡ್ಡು ಪಡೆಯಲಿಕ್ಕೆ ಪಿನ್ ಒತ್ತುವ ಅಗತ್ಯ ಇಲ್ಲವೇ ಇಲ್ಲ. ಆರು ವಾರ ಆದರೂ ಯಾರೂ ಮಾತಿಗೆ ಬರದಿದ್ದರೆ ಬೆಲೆ ಇಳಿಸಿ. ನಿಂತ ಕಾರು ದಿನಾ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ, ನಿಮ್ಮ ದುಡ್ಡೂ ಅದರೊಳಗೇ ಸಿಕ್ಕಿಕೊಂಡಿರುತ್ತದೆ.

ಕೊಟ್ಟ ದಿನ ಮತ್ತು ಆಮೇಲೆ

ದುಡ್ಡು ಖಾತೆಗೆ ಬಂದ ಮೇಲೇ ಕೀಲಿ. ಡೆಲಿವರಿ ನೋಟ್ ಎರಡು ಪ್ರತಿ ಮಾಡಿ, ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಯಿರಿ. ಸಂಜೆ 5ಕ್ಕೆ ಕೊಟ್ಟ ಕಾರಿನ ಮೇಲೆ 6ಕ್ಕೆ ಚಲನ್ ಬಿದ್ದರೆ ಅದು ಯಾರದ್ದು ಅಂತ ಆ ಚೀಟಿ ಹೇಳುತ್ತದೆ. ಕೊಳ್ಳುವವರ ಆಧಾರ್, ಪ್ಯಾನ್ ಪ್ರತಿ, ಇಬ್ಬರು ಸಾಕ್ಷಿ. ಫಾಸ್ಟ್ಯಾಗ್ ಇದ್ದರೆ ಅಲ್ಲೇ ತೆಗೆದು ಮುಚ್ಚಿಸಿ.

ಫಾರ್ಮ್ 29, 30 ಅವತ್ತೇ ತುಂಬಿ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಅವತ್ತೇ ತೆಗೆಯಿರಿ. ಕಾನೂನಿನ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ. ಆಮೇಲೆ ಮಾಡಿಸಿಕೊಳ್ಳುತ್ತೇನೆ ಅನ್ನುವವರ ಮಾತಿಗೆ ಒಪ್ಪಬೇಡಿ. ಹೆಸರು ಬದಲಾವಣೆಯ ಖರ್ಚು ಬೆಲೆಯಲ್ಲೇ ಸೇರಿಸಿ, ನೀವೇ ಮಾಡಿಸಿಕೊಡಿ. ಇನ್ಶೂರೆನ್ಸ್ ಕೂಡ 14 ದಿನದೊಳಗೆ ಅವರ ಹೆಸರಿಗೆ ಬದಲಾಗಬೇಕು. ಥರ್ಡ್ ಪಾರ್ಟಿ ರಕ್ಷಣೆ ಕಾರಿನ ಜೊತೆಗೇ ಹೋಗುತ್ತದೆ, ಆದರೆ ಕಾರಿಗೇ ಆಗುವ ನಷ್ಟಕ್ಕೆ ಪರಿಹಾರ ಸಿಗಬೇಕಾದರೆ ಪಾಲಿಸಿಯಲ್ಲಿ ಅವರ ಹೆಸರೇ ಇರಬೇಕು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಹಳೇ ಮಾಲೀಕರದ್ದು, ಅದು ಕಾರಿನ ಜೊತೆ ಬರುವುದಿಲ್ಲ ಅಂತಲೂ ಮೊದಲೇ ತಿಳಿಸಿ.

ಅರ್ಜಿ ಹಾಕಿದ ಮೇಲೆ ವಾರಕ್ಕೊಮ್ಮೆ ಎಂಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡುತ್ತಿರಿ. ಹೊಸ ಮಾಲೀಕರ ಹೆಸರು ಬಂದ ದಿನ ಸ್ಕ್ರೀನ್‌ಶಾಟ್ ತೆಗೆದು ಕೊಂಡವರಿಗೂ, ನಿಮಗೆ ಕಾರು ಕೊಟ್ಟ ಹಳೇ ಮಾಲೀಕರಿಗೂ ವಾಟ್ಸಾಪ್ ಮಾಡಿ. ಆ ಸ್ಕ್ರೀನ್‌ಶಾಟ್ ಕೈಗೆ ಬರುವ ತನಕ ಮುಂದಿನ ಕಾರಿಗೆ ಅಡ್ವಾನ್ಸ್ ಕೊಡಬೇಡಿ.